ಕಡ ಕೊಟ್ಟ ಹೆಸರು

ಪ್ರಶ್ನೆ: ನಮ್ಮೂರಲ್ಲಿ ‘ಡಿಜೆ’ ಅಂದರೆ ಗಣಪತಿ ಮೆರವಣಿಗೆಯಲ್ಲಿ ಲಾರಿ ಮೇಲೆ ಕಟ್ಟಿದ ಸ್ಪೀಕರುಗಳು. ಆದರೆ ಇಂಗ್ಲಿಷ್ ಹಾಡುಗಳನ್ನು ಹುಡುಕಿ ಕೇಳುವಾಗ ‘ಮಾಸ್ಟರ್ಸ್ ಅಟ್ ವರ್ಕ್ ರೀಮಿಕ್ಸ್’ ಎಂಬ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಇವರು ನ್ಯೂಯಾರ್ಕಿನ ಇಬ್ಬರು ಹೌಸ್ ಮ್ಯೂಸಿಕ್ ಡಿಜೆಗಳಂತೆ. ಬೇರೆಯವರ ಹಾಡು ಹಾಕುವುದಕ್ಕೆ ಇಬ್ಬರೇಕೆ? ಹಾಡುವುದೂ ಇಲ್ಲ, ವಾದ್ಯ ನುಡಿಸುವುದೂ ಇಲ್ಲ ಎಂದ ಮೇಲೆ ಇವರನ್ನು ಸಂಗೀತಗಾರರು ಎನ್ನಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಎರಡನೇ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಎನ್ನಬಹುದು, ಈ ಇಬ್ಬರನ್ನಂತೂ ಎನ್ನಲೇಬೇಕು. ಯಾಕೆ ಎಂದು ವಿವರಿಸಲು ಮಾತ್ರ ಸ್ವಲ್ಪ ಸುತ್ತಿ ಬರಬೇಕು.

ನಿಮಗೆ ಗೊತ್ತಿರುವ ಕಡೆಯಿಂದಲೇ ಹೊರಡೋಣ. 2009ರಲ್ಲಿ ಪಿಟ್‌ಬುಲ್ ಎಂಬ ಅಮೆರಿಕದ ಗಾಯಕನ ‘ಐ ನೋ ಯು ವಾಂಟ್ ಮಿ’ ಹಾಡು ಊರೂರು ಸುತ್ತಿತು. ಕಾಲೇಜು ಡೇಗಳಲ್ಲಿ, ರಿಸೆಪ್ಷನ್ನುಗಳಲ್ಲಿ ಅದನ್ನು ಕೇಳಿದವರಿಗೆ ಹಾಡಿನ ಮಾತುಗಳು ಮರೆತಿದ್ದರೂ ಅದರಲ್ಲಿ ತಿರುತಿರುಗಿ ಬರುವ ಕಹಳೆ, ಸ್ಯಾಕ್ಸೊಫೋನುಗಳ ಆ ತುಣುಕು ನೆನಪಿರುತ್ತದೆ. ಆ ತುಣುಕು ಪಿಟ್‌ಬುಲ್ ಅವರದಲ್ಲ. ಇಟಲಿಯ ಡಿಜೆ ನಿಕೋಲಾ ಫಸಾನೊ ಅವರ ಒಂದು ಟ್ರ್ಯಾಕಿನಿಂದ ಅದು ಬಂದದ್ದು. ಫಸಾನೊ ಅವರದೂ ಅಲ್ಲ. ಷಿಕಾಗೊ ಎಂಬ ಹೆಸರಿನ ರಾಕ್ ತಂಡ 1979ರಲ್ಲಿ ‘ಸ್ಟ್ರೀಟ್ ಪ್ಲೇಯರ್’ ಎಂಬ ಡಿಸ್ಕೊ ಹಾಡು ಮಾಡಿತ್ತು; ತುಣುಕಿನ ತವರು ಅದು. ಅಮೆರಿಕದಲ್ಲಿ ಡಿಸ್ಕೊ ಕಂಡರೆ ಉರಿದುಬೀಳುವವರು ಹೆಚ್ಚಾಗಿದ್ದ ವರ್ಷ ಅದು. ಹಾಡು ಅಷ್ಟೇನೂ ಓಡಲಿಲ್ಲ. ಹದಿನಾರು ವರ್ಷ ಕಳೆದ ಮೇಲೆ, 1995ರಲ್ಲಿ, ಬ್ರೂಕ್ಲಿನ್ನಿನ ಒಬ್ಬ ಹುಡುಗ ಆ ಹಾಡಿನ ತುಣುಕುಗಳನ್ನು ಕತ್ತರಿಸಿ, ಕೆಳಗೆ ತನ್ನದೇ ಡ್ರಮ್ ಹಾಕಿ, ‘ದ ಬಾಂಬ್’ ಎಂಬ ಸುಮಾರು 15 ನಿಮಿಷದ ಟ್ರ್ಯಾಕ್ ಕಟ್ಟಿದ. ಬ್ರಿಟನ್ನಿನ ಪಟ್ಟಿಯಲ್ಲಿ ಅದು 5ನೇ ಸ್ಥಾನಕ್ಕೆ ಏರಿತು. ಟ್ರ್ಯಾಕಿನ ಆವರಣದೊಳಗಿನ ಹೆಸರು ‘ದೀಸ್ ಸೌಂಡ್ಸ್ ಫಾಲ್ ಇನ್‌ಟು ಮೈ ಮೈಂಡ್’. ಮೂಲ ಹಾಡಿನ ಒಂದು ಸಾಲನ್ನು ತಪ್ಪಾಗಿ ಕೇಳಿಸಿಕೊಂಡದ್ದರಿಂದ ಹುಟ್ಟಿದ ಹೆಸರು ಅದು. ಹಾಡಿನ ಮಾತು ತಪ್ಪಾಗಿ ಕೇಳಿಸಿತು, ಕುಣಿಸುವ ಜಾಗ ಮಾತ್ರ ಸರಿಯಾಗಿ ಕೇಳಿಸಿತು.

ಆ ಹುಡುಗ ಕೆನಿ ‘ಡೋಪ್’ ಗೊನ್ಸಾಲೆಸ್. ಮಾಸ್ಟರ್ಸ್ ಅಟ್ ವರ್ಕ್ ಜೋಡಿಯ ಒಂದು ಅರ್ಧ. ಇನ್ನೊಂದು ಅರ್ಧ ಬ್ರಾಂಕ್ಸಿನ ‘ಲಿಟಲ್’ ಲೂಯಿ ವೇಗ. ಇಬ್ಬರೂ ಪೋರ್ಟೊ ರಿಕೊ ಮೂಲದ ಮನೆಗಳ ಮಕ್ಕಳು. ಲೂಯಿ ಹುಟ್ಟಿದ್ದು 1965ರಲ್ಲಿ, ಕೆನಿ 1970ರಲ್ಲಿ. ಐದು ವರ್ಷದ ಈ ಅಂತರ ಸಣ್ಣದಲ್ಲ. ನ್ಯೂಯಾರ್ಕಿನಲ್ಲಿ ಆ ಐದು ವರ್ಷದೊಳಗೆ ಒಂದು ಸಂಗೀತ ಹೋಗಿ ಇನ್ನೊಂದು ಬಂದಿತ್ತು. ಲೂಯಿ ಡಿಸ್ಕೊ ಮತ್ತು ಸಾಲ್ಸಾ ಕೇಳಿ ಬೆಳೆದವರು, ಕೆನಿ ಹಿಪ್‌ಹಾಪ್ ಕೇಳಿ ಬೆಳೆದವರು. ನಿಮ್ಮ ‘ಇಬ್ಬರೇಕೆ’ ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಇದೆ.

ಹೌಸ್ ಮ್ಯೂಸಿಕ್ ಎಂದರೇನು ಎಂಬುದನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. 1977ರಲ್ಲಿ ಷಿಕಾಗೊ ನಗರದಲ್ಲಿ ‘ವೇರ್‌ಹೌಸ್’ ಎಂಬ ಕ್ಲಬ್ ಶುರುವಾಯಿತು. ಅಲ್ಲಿ ರೆಕಾರ್ಡು ಹಾಕುತ್ತಿದ್ದವರು ಫ್ರಾಂಕಿ ನಕಲ್ಸ್. ಬರುತ್ತಿದ್ದವರು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೊ ಯುವಜನ, ಅವರಲ್ಲೂ ಬಹುಪಾಲು ಸಲಿಂಗಿಗಳು. ಬೇರೆ ಕಡೆ ನೆಮ್ಮದಿಯಾಗಿ ಕುಣಿಯಲು ಜಾಗವಿಲ್ಲದವರು. ಡಿಸ್ಕೊ ಸತ್ತಿತು ಎಂದು ಉಳಿದವರು ಕೈತೊಳೆದುಕೊಂಡಾಗ ಅದನ್ನು ಡ್ರಮ್ ಮಷೀನುಗಳ ಮೇಲೆ ಬೆಳೆಸಿದವರು ಇವರು. ಕ್ಲಬ್ಬಿನ ಹೆಸರಿನ ಬಾಲವೇ ಸಂಗೀತದ ಹೆಸರಾಯಿತು. ಲಕ್ಷಣ ಸರಳ: ನಾಲ್ಕು ಮಾತ್ರೆಯ ಆವರ್ತ, ಪ್ರತಿ ಮಾತ್ರೆಗೂ ದೊಡ್ಡ ಡ್ರಮ್ಮಿನ ಒಂದು ಪೆಟ್ಟು, ನಿಮಿಷಕ್ಕೆ 120ರ ಆಸುಪಾಸು ಪೆಟ್ಟುಗಳು. ಇದೇ ಕಾಲದಲ್ಲಿ ನ್ಯೂಯಾರ್ಕಿನ ‘ಪ್ಯಾರಡೈಸ್ ಗರಾಜ್’ ಕ್ಲಬ್ಬಿನಲ್ಲಿ ಲ್ಯಾರಿ ಲೆವಾನ್ ತಮ್ಮದೇ ದಾರಿ ಹಿಡಿದಿದ್ದರು. ಲೂಯಿಯ ಕಿವಿ ತಯಾರಾದದ್ದು ಆ ಗಾಳಿಯಲ್ಲಿ.

ಇನ್ನು ಹೆಸರಿನ ಕಥೆ. ‘ಮಾಸ್ಟರ್ಸ್ ಅಟ್ ವರ್ಕ್’ ಎಂಬುದು ಮೊದಲಿಗೆ ಬ್ರೂಕ್ಲಿನ್ನಿನ ಸನ್‌ಸೆಟ್ ಪಾರ್ಕ್ ಬಡಾವಣೆಯಲ್ಲಿ ಕೆನಿ ಮತ್ತು ಗೆಳೆಯ ಮೈಕ್ ಡೆಲ್ಗಾಡೊ ಪಾರ್ಟಿಗಳಿಗೆ ಹಾಡು ಹಾಕಲು ಕಟ್ಟಿಕೊಂಡಿದ್ದ ತಂಡದ ಹೆಸರು. ಸ್ಪೀಕರು, ರೆಕಾರ್ಡು ಹೊತ್ತು ಕರೆದಲ್ಲಿಗೆ ಹೋಗುವ ಕೆಲಸ. ನಮ್ಮ ಊರಿನ ಸೌಂಡ್ ಸರ್ವೀಸಿನವರ ಕೆಲಸಕ್ಕೆ ಬಹಳ ದೂರವಲ್ಲ. ಹಗಲು ಹೊತ್ತು ಕೆನಿ ಒಂದು ರೆಕಾರ್ಡ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದರು. 1980ರ ದಶಕದ ಕೊನೆಗೆ ಟಾಡ್ ಟೆರಿ ಎಂಬ ಇನ್ನೊಬ್ಬ ಬ್ರೂಕ್ಲಿನ್ ಹುಡುಗನ ಬಳಿ ಡ್ರಮ್ ಮಷೀನು ಇತ್ತು, ಕೆನಿಯ ಬಳಿ ಇರಲಿಲ್ಲ. ಟಾಡ್‌ಗೆ ತನ್ನ ರೆಕಾರ್ಡುಗಳ ಮೇಲೆ ಹಾಕಲು ಒಳ್ಳೆಯ ಹೆಸರು ಬೇಕಿತ್ತು. ಕೊಡುಕೊಳ್ಳುವಿಕೆ ಹೀಗಾಯಿತು: ಕೆನಿ ಹೆಸರನ್ನು ಕಡ ಕೊಟ್ಟರು, ಟಾಡ್ ಮಷೀನನ್ನು ಕಡ ಕೊಟ್ಟರು. ಆದ್ದರಿಂದ ‘ಮಾಸ್ಟರ್ಸ್ ಅಟ್ ವರ್ಕ್’ ಹೆಸರಿನಲ್ಲಿ ಮೊದಲು ಬಂದ ‘ಆಲ್ರೈಟ್ ಆಲ್ರೈಟ್’, ‘ಡಮ್ ಡಮ್ ಕ್ರೈ’ ರೆಕಾರ್ಡುಗಳು ಈ ಜೋಡಿಯವೇ ಅಲ್ಲ, ಟಾಡ್ ಟೆರಿಯವು. ಹಳೇ ರೆಕಾರ್ಡ್ ಹುಡುಕುವವರು ಇಲ್ಲಿ ಎಡವುತ್ತಾರೆ.

ಕಡ ತಂದ ಮಷೀನಿನ ಮೇಲೆ ಕೈ ಕುದುರಿದ ಕೆನಿ ಆಮೇಲೆ ಹೆಸರು ಮಾಡಿದ್ದು ಇ-ಮ್ಯು ಕಂಪನಿಯ ಎಸ್‌ಪಿ-1200 ಎಂಬ ಸ್ಯಾಂಪ್ಲರಿನ ಮೇಲೆ. 1987ರಲ್ಲಿ ಬಂದ ಪೆಟ್ಟಿಗೆ ಅದು. ಬೇರೆ ರೆಕಾರ್ಡಿನ ಸದ್ದನ್ನು ಒಳಗೆ ಹಿಡಿದಿಟ್ಟು, ತುಂಡು ಮಾಡಿ, ಬೆರಳಿನಿಂದ ಒತ್ತಿ ನುಡಿಸಬಹುದು. ಅದರ ಸ್ಮೃತಿಯಲ್ಲಿ ಹಿಡಿಯುತ್ತಿದ್ದುದು ಒಟ್ಟು ಸುಮಾರು 10 ಸೆಕೆಂಡಿನ ಸದ್ದು. ಡ್ರಮ್ಮು, ಬಾಸು, ತುತ್ತೂರಿ, ಎಲ್ಲಕ್ಕೂ ಸೇರಿ ಹತ್ತೇ ಸೆಕೆಂಡು. ಹಾಗಾಗಿ ಅಂದಿನ ಹಿಪ್‌ಹಾಪ್ ಹುಡುಗರು ಒಂದು ಉಪಾಯ ಮಾಡುತ್ತಿದ್ದರು. ನಿಮಿಷಕ್ಕೆ 33 ಸುತ್ತು ತಿರುಗಬೇಕಾದ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ತಿರುಗಿಸಿ ಹಿಡಿಯುವುದು, ಒಳಗೆ ಹೋದ ಮೇಲೆ ಮತ್ತೆ ನಿಧಾನಗೊಳಿಸುವುದು. ಜಾಗ ಉಳಿಯಿತು. ಆದರೆ ಹಾಗೆ ಹಿಗ್ಗಿಸಿದ ಸದ್ದಿನಲ್ಲಿ ಒಂದು ಗೊಗ್ಗರು, ಒಂದು ಒರಟು ಸೇರಿಕೊಳ್ಳುತ್ತಿತ್ತು. ಮಷೀನಿನ ಈ ಬಡತನವೇ ಆ ಕಾಲದ ಡ್ರಮ್ಮಿನ ರುಚಿಯಾಯಿತು. ಕೆನಿ ಕಟ್ಟಿದ ಲಯದಲ್ಲಿ ಪೆಟ್ಟುಗಳು ಗಡಿಯಾರದ ಹಾಗೆ ಬೀಳುವುದಿಲ್ಲ. ಒಂದು ಕೂದಲೆಳೆ ಹಿಂದೆ ಮುಂದೆ ಆಗುತ್ತವೆ, ಮನುಷ್ಯ ಬಡಿದಂತೆ. ಹೌಸ್ ಸಂಗೀತಕ್ಕೆ ಕೆನಿ ತಂದ ದೊಡ್ಡ ಉಡುಗೊರೆ ಇದೇ ಎಂದು ನನ್ನ ಭಾವನೆ.

ಲೂಯಿಯ ಹಿನ್ನೆಲೆ ಬೇರೆ. ತಂದೆ ಸ್ಯಾಕ್ಸೊಫೋನ್ ವಾದಕರು. ಸೋದರಮಾವ ಎಕ್ಟರ್ ಲಾವೊ, ಸಾಲ್ಸಾ ಸಂಗೀತದ ಅತಿ ದೊಡ್ಡ ಗಾಯಕರಲ್ಲಿ ಒಬ್ಬರು. ಪೋರ್ಟೊ ರಿಕೊದಿಂದ ನ್ಯೂಯಾರ್ಕಿಗೆ ವಲಸೆ ಬಂದ ಜನ ಲಾವೊ ಅವರ ದನಿಯಲ್ಲಿ ತಮ್ಮ ಊರನ್ನು ಕೇಳುತ್ತಿದ್ದರು. ಅಂಥ ಮನೆಯ ಹುಡುಗನಿಗೆ ತಾಳ ಹೇಳಿಕೊಡಬೇಕಿಲ್ಲ. ಸಾಲ್ಸಾದ ಬೆನ್ನೆಲುಬು ‘ಕ್ಲಾವೆ’. ಎರಡು ಮರದ ಕೋಲುಗಳಿಂದ ಹೊಡೆಯುವ ಐದು ಪೆಟ್ಟು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 16 ಸಣ್ಣ ಮಾತ್ರೆಗಳನ್ನು (ಹೌಸಿನ ಒಂದು ಮಾತ್ರೆಗೆ ಇವು ನಾಲ್ಕು) 3, 3, 4, 2, 4 ಎಂದು ಒಡೆದು, ಪ್ರತಿ ತುಂಡಿನ ಮೊದಲಿಗೆ ಒಂದು ಪೆಟ್ಟು. ಒಮ್ಮೆ ಮೇಜಿನ ಮೇಲೆ ಬಡಿದು ನೋಡಿ. ಬಲಗಾಲಿನಲ್ಲಿ ನಾಲ್ಕು ಸಣ್ಣ ಮಾತ್ರೆಗೊಂದರಂತೆ ಸಮನಾಗಿ ನೆಲಕ್ಕೆ ತಟ್ಟುತ್ತ, ಕೈಯಲ್ಲಿ ಈ ಐದು ಪೆಟ್ಟು ಹಾಕಿ. ಕಾಲಿನದು ಹೌಸ್, ಕೈಯದು ಸಾಲ್ಸಾ. ಎರಡೂ ಒಂದೇ ಮೈಯಲ್ಲಿ ಕೂಡಿದಾಗ ಸೊಂಟ ತಾನೇ ಅಲುಗುತ್ತದೆ. ಈ ಜೋಡಿಯ ಸಂಗೀತದ ಗುಟ್ಟನ್ನು ಇದಕ್ಕಿಂತ ಹತ್ತಿರದಿಂದ ತೋರಿಸುವುದು ನನಗೆ ತಿಳಿಯದು.

1980ರ ದಶಕದ ನಡುವಿಗೇ ಲೂಯಿ ಬ್ರಾಂಕ್ಸಿನ ‘ಡೆವಿಲ್ಸ್ ನೆಸ್ಟ್’ ಕ್ಲಬ್ಬಿನಲ್ಲಿ, ಆಮೇಲೆ ಮ್ಯಾನ್‌ಹ್ಯಾಟನ್ನಿನ ‘ಹಾರ್ಟ್‌ಥ್ರಾಬ್’ನಲ್ಲಿ ಹೆಸರಾದ ಡಿಜೆ. ಕೆನಿ ಮಾಡಿದ್ದ ‘ಎ ಟಚ್ ಆಫ್ ಸಾಲ್ಸಾ’ ಎಂಬ ಟ್ರ್ಯಾಕ್ ಕೇಳಿ, ಅದನ್ನು ತಾನು ರೀಮಿಕ್ಸ್ ಮಾಡಬೇಕು ಎಂದು ಆಸೆಪಟ್ಟರು. ಪರಿಚಯ ಮಾಡಿಸಿದವರು ಅದೇ ಟಾಡ್ ಟೆರಿ. ಹೀಗೆ 1990ರ ಹೊತ್ತಿಗೆ ಕಡ ಹೋಗಿದ್ದ ಹೆಸರು ಮನೆಗೆ ಮರಳಿತು, ಜೊತೆಗೆ ಒಬ್ಬ ಜೊತೆಗಾರನನ್ನೂ ತಂದಿತು.

ಒಬ್ಬರು ಏನು ಮಾಡುತ್ತಾರೆ, ಇನ್ನೊಬ್ಬರು ಏನು ಮಾಡುತ್ತಾರೆ? ಸ್ಥೂಲವಾಗಿ, ಲಯದ ಅಡಿಪಾಯ ಕೆನಿಯದು. ಅದರ ಮೇಲೆ ಸ್ವರ, ಕೀಬೋರ್ಡು, ಹಾಡುವವರು, ನುಡಿಸುವವರು, ಹಾಡು ಎಲ್ಲಿ ಏರಬೇಕು ಎಲ್ಲಿ ಖಾಲಿಯಾಗಬೇಕು ಎಂಬುದು ಲೂಯಿಯದು. ನಮ್ಮಲ್ಲಿ ರಾಜನ್–ನಾಗೇಂದ್ರ ಎಂದು ಜೋಡಿಯಾಗಿಯೇ ಹೇಳಿ ಅಭ್ಯಾಸ. ಇಬ್ಬರು ಸೇರಿ ಒಂದು ಸಹಿ ಹಾಕುವುದು ಕನ್ನಡದ ಕಿವಿಗೆ ಹೊಸದಲ್ಲ. ಗಡಿ ಕಟ್ಟುನಿಟ್ಟಾಗಿಯೇನೂ ಇರಲಿಲ್ಲ. ಲೂಯಿ ಒಬ್ಬರೇ ‘ಹಾರ್ಡ್‌ಡ್ರೈವ್’, ‘ರಿವರ್ ಓಶನ್’ ಎಂಬ ಹೆಸರುಗಳಲ್ಲಿ ರೆಕಾರ್ಡು ತಂದರು, ಕೆನಿ ಒಬ್ಬರೇ ‘ದ ಬಕೆಟ್‌ಹೆಡ್ಸ್’ ಹೆಸರಿನಲ್ಲಿ ‘ದ ಬಾಂಬ್’ ತಂದರು, ಇಬ್ಬರೂ ಸೇರಿ ‘ಕೆನ್‌ಲೂ’ ಎಂದೂ ತಂದರು. ಅದರಿಂದ ಕೇಳುಗರಿಗೆ ಗೊಂದಲ ಆದದ್ದು ನಿಜ.

ಜೋಡಿಯ ಮೊದಲ ದೊಡ್ಡ ಕೆಲಸ 1991ರಲ್ಲಿ. ಮಾರ್ಕ್ ಆಂಟನಿ ಎಂಬ, ಆಗ ಹೊರಗೆ ಅಷ್ಟಾಗಿ ಯಾರಿಗೂ ಗೊತ್ತಿಲ್ಲದ ಹುಡುಗನಿಂದ ಇಂಗ್ಲಿಷಿನಲ್ಲಿ ಹಾಡಿಸಿ ‘ವೆನ್ ದ ನೈಟ್ ಈಸ್ ಓವರ್’ ಆಲ್ಬಮ್ ಮಾಡಿದರು. ‘ರೈಡ್ ಆನ್ ದ ರಿದಮ್’ ಅದರ ಹಾಡು. ಮಾರ್ಕ್ ಆಂಟನಿ ಆಮೇಲೆ ಸಾಲ್ಸಾ ಲೋಕದ ಬಹು ದೊಡ್ಡ ತಾರೆಯಾದರು. ಲೂಯಿಯ ಸೋದರಮಾವ ಲಾವೊ 1993ರಲ್ಲಿ ತೀರಿಕೊಂಡರು. ಅವರ ಬದುಕನ್ನು ಕುರಿತ ‘ಎಲ್ ಕಾಂತಾಂತೆ’ ಸಿನಿಮಾ ಬಂದಾಗ ಲಾವೊ ಪಾತ್ರ ಮಾಡಿದವರು ಇದೇ ಮಾರ್ಕ್ ಆಂಟನಿ. ಅಳಿಯ ಡಾನ್ಸ್ ಹಾಡಿಗೆ ಕರೆತಂದ ಹುಡುಗ ಮಾವನ ಪಾತ್ರವನ್ನು ತೆರೆಯ ಮೇಲೆ ಹಾಡಿದ. ಈ ಸಂಗತಿ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆ ಆಲ್ಬಮ್ ಬಂದ 1991ರಲ್ಲೇ ಬಂದ ‘ದ ಹಾ ಡಾನ್ಸ್’ ಕಥೆಯನ್ನೂ ಹೇಳಬೇಕು. 1983ರ ‘ಟ್ರೇಡಿಂಗ್ ಪ್ಲೇಸಸ್’ ಎಂಬ ಹಾಸ್ಯ ಚಿತ್ರದಿಂದ ದನಿಯ ಒಂದು ಚೂರನ್ನು ಎತ್ತಿ ಕಟ್ಟಿದ ಟ್ರ್ಯಾಕ್ ಅದು. ನಾಲ್ಕು ಪೆಟ್ಟಿಗೊಮ್ಮೆ ‘ಹಾ’ ಎಂಬ ದನಿಯೊಂದಿಗೆ ತಟ್ಟೆ ಒಡೆದಂತೆ ಒಂದು ಸದ್ದು ಅಪ್ಪಳಿಸುತ್ತದೆ. ರೆಕಾರ್ಡಿನ ಹಿಂಬದಿಯಲ್ಲಿ ಬಂದ ಟ್ರ್ಯಾಕ್. ನ್ಯೂಯಾರ್ಕಿನ ಬಾಲ್‌ರೂಮ್ ಕೂಟಗಳಲ್ಲಿ ವೋಗ್ ನೃತ್ಯ ಮಾಡುವ ಕಪ್ಪು ಮತ್ತು ಲ್ಯಾಟಿನೊ ಸಲಿಂಗಿಗಳು, ಲಿಂಗಪರಿವರ್ತಿತರು ಅದನ್ನು ತಮ್ಮದು ಮಾಡಿಕೊಂಡರು. ಸ್ಪರ್ಧಿ ಗಿರಗಿರನೆ ತಿರುಗಿ, ‘ಹಾ’ ಬೀಳುವ ಅದೇ ಗಳಿಗೆಗೆ ಬೆನ್ನು ನೆಲಕ್ಕೆ ತಾಕುವಂತೆ ಬೀಳಬೇಕು. ಒಂದು ಚೂರು ತಪ್ಪಿದರೂ ಸುತ್ತ ನಿಂತವರಿಗೆ ಗೊತ್ತಾಗುತ್ತದೆ. ಮೂವತ್ತು ವರ್ಷ ದಾಟಿದರೂ ಆ ಅಪ್ಪಳಿಕೆಯ ಸದ್ದು ಬಿಟ್ಟು ಬಾಲ್‌ರೂಮ್ ಸಂಗೀತವಿಲ್ಲ. ಒಂದು ನೃತ್ಯಕ್ಕೆ ತಾಳ ಕೊಟ್ಟವರನ್ನು ಸಂಗೀತಗಾರರಲ್ಲ ಎಂದು ಹೇಗೆ ಹೇಳುವುದು?

ಈಗ ನೀವು ಕಂಡ ‘ರೀಮಿಕ್ಸ್’ ಎಂಬ ಪದಕ್ಕೆ ಬರುತ್ತೇನೆ. ನಮ್ಮಲ್ಲಿ ರೀಮಿಕ್ಸ್ ಎಂದರೆ ಹಳೇ ಹಾಡಿಗೆ ಜೋರಾದ ಡ್ರಮ್ ಸೇರಿಸುವುದು ಎಂಬ ತಿಳಿವಳಿಕೆ ಇದೆ. ಇವರ ಕೆಲಸ ಬೇರೆ ಥರ. ರೆಕಾರ್ಡ್ ಕಂಪನಿಯಿಂದ ಹಾಡಿನ ಟೇಪು ಬರುತ್ತದೆ. ಗಾಯಕಿಯ ದನಿ ಒಂದು ಟ್ರ್ಯಾಕಿನಲ್ಲಿ, ಗಿಟಾರು ಇನ್ನೊಂದರಲ್ಲಿ, ಡ್ರಮ್ಮು ಮತ್ತೊಂದರಲ್ಲಿ, ಹೀಗೆ ಬಿಡಿಬಿಡಿಯಾಗಿ. ಇವರು ದನಿಯನ್ನು ಉಳಿಸಿಕೊಂಡು ಉಳಿದದ್ದನ್ನೆಲ್ಲ ಬದಿಗಿಡುತ್ತಿದ್ದರು. ಆಮೇಲೆ ಆ ದನಿಗೆ ಹೊಸ ಶ್ರುತಿಸಂಗತಿ, ಹೊಸ ಬಾಸ್, ಹೊಸ ತಾಳ. ಗೋಡೆ ಕೆಡವಿ, ದೇವರಮನೆ ಒಂದನ್ನೇ ಉಳಿಸಿಕೊಂಡು, ಅದರ ಸುತ್ತ ಮನೆ ಕಟ್ಟಿದ ಹಾಗೆ. ಒಂದೇ ಹಾಡಿಗೆ ನಾಲ್ಕೈದು ರೂಪ ಮಾಡುವುದೂ ಇತ್ತು: ಪೂರಾ ಹಾಡಿರುವುದು ಒಂದು, ದನಿಯ ಚೂರುಗಳಷ್ಟೇ ಮಿಂಚಿ ಹೋಗುವ ‘ಡಬ್’ ಒಂದು, ಬರೀ ಡ್ರಮ್ಮು ಇನ್ನೊಂದು. ಸೇಂಟ್ ಎಟಿಯೆನ್, ಬ್ಯೋರ್ಕ್, ಮೈಕಲ್ ಜಾಕ್ಸನ್, ಡಾಫ್ಟ್ ಪಂಕ್, ಹೀಗೆ ಒಬ್ಬರಿಗೊಬ್ಬರು ಸಂಬಂಧವಿಲ್ಲದವರ ಹಾಡುಗಳೆಲ್ಲ ಇವರ ಕೈಯಲ್ಲಿ ಹಾದುಹೋದವು. ನೀವು ಹೋದಲ್ಲೆಲ್ಲ ಇವರ ಹೆಸರು ಕಾಣುವುದು ಇದರಿಂದಲೇ.

ಎಲ್ಲವೂ ಚಿನ್ನ ಎಂದು ನಾನು ಹೇಳಲಾರೆ. ವಾರ ವಾರ ಕೆಲಸ ಬರುತ್ತಿದ್ದ ಕಾಲದಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥವೂ ಇವೆ. ಆದರೆ ಈ ಕೆಲಸದ ಲೆಕ್ಕವನ್ನು ನೀವು ತಿಳಿದಿರಬೇಕು. ರೀಮಿಕ್ಸಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಒಂದೇ ಸಲದ ಸಂಭಾವನೆ. ಹಾಡು ಆಮೇಲೆ ಎಷ್ಟು ಓಡಿದರೂ ಅದರ ಪಾಲು ಬರುತ್ತಿರಲಿಲ್ಲ. 1990ರ ದಶಕದ ನಡುವಿನಲ್ಲಿ ಇವರು ‘ಎಂಎಡಬ್ಲ್ಯು ರೆಕಾರ್ಡ್ಸ್’ ಎಂದು ಸ್ವಂತ ಲೇಬಲ್ ಯಾಕೆ ತೆರೆದರು ಎಂದು ಊಹಿಸುವುದು ಕಷ್ಟವಲ್ಲ.

ರಾತ್ರಿ ರೆಕಾರ್ಡು ಹಾಕುವುದಕ್ಕೂ ಹಗಲು ಸ್ಟುಡಿಯೊದಲ್ಲಿ ಕೂರುವುದಕ್ಕೂ ಇರುವ ನಂಟನ್ನು ಇಲ್ಲೇ ಹೇಳುತ್ತೇನೆ, ಯಾಕೆಂದರೆ ‘ಬೇರೆಯವರ ಹಾಡು ಹಾಕುವವರು’ ಎಂಬ ನಿಮ್ಮ ಮಾತಿಗೆ ಉತ್ತರ ಅಲ್ಲಿದೆ. 1990ರ ದಶಕದ ಮೊದಲ ವರ್ಷಗಳಲ್ಲಿ ಮ್ಯಾನ್‌ಹ್ಯಾಟನ್ನಿನ 21ನೇ ಬೀದಿಯ ‘ಸೌಂಡ್ ಫ್ಯಾಕ್ಟರಿ ಬಾರ್’ನಲ್ಲಿ ಪ್ರತಿ ಬುಧವಾರ ಲೂಯಿಯ ರಾತ್ರಿ. ಗಾಯಕಿ ಬಾರ್ಬರಾ ಟಕರ್ ಮತ್ತು ಡಾನ್ ವೆಲ್ಚ್ ಅದನ್ನು ‘ಅಂಡರ್‌ಗ್ರೌಂಡ್ ನೆಟ್‌ವರ್ಕ್’ ಎಂಬ ಹೆಸರಿನಲ್ಲಿ ನಡೆಸುತ್ತಿದ್ದರು. ಎದುರಿಗೆ ಕುಣಿಯುವವರು ಎಲ್ಲಿ ಕೈ ಎತ್ತುತ್ತಾರೆ, ಎಲ್ಲಿ ನೀರು ಕುಡಿಯಲು ಜಾರಿಕೊಳ್ಳುತ್ತಾರೆ ಎಂಬುದನ್ನು ಗಂಟೆಗಟ್ಟಲೆ ನೋಡುವ ಮನುಷ್ಯ ಡಿಜೆ. ಯಕ್ಷಗಾನದ ಭಾಗವತರ ಕಣ್ಣು ವೇಷಧಾರಿಯ ಹೆಜ್ಜೆಯ ಮೇಲೆ ಇರುತ್ತದಲ್ಲ, ಹಾಗೆ ಡಿಜೆಯ ಕಣ್ಣು ಕುಣಿಯುವವರ ಹೆಜ್ಜೆಯ ಮೇಲೆ. ಅಲ್ಲಿ ಕಲಿತದ್ದೇ ಹಾಡಿನ ಉದ್ದ, ಖಾಲಿ, ಏರಿಳಿತ ಎಲ್ಲವನ್ನೂ ತೀರ್ಮಾನಿಸುತ್ತದೆ. ಹೌಸ್ ರೆಕಾರ್ಡುಗಳು ಒಂದು ನಿಮಿಷ ಬರೀ ಡ್ರಮ್ಮಿನಿಂದ ಶುರುವಾಗುವುದೂ ಇದೇ ಕಾರಣಕ್ಕೆ. ಓಡುತ್ತಿರುವ ಹಾಡಿನ ಪೆಟ್ಟಿನ ಮೇಲೆ ಮುಂದಿನ ಹಾಡಿನ ಪೆಟ್ಟನ್ನು ಕೂರಿಸಲು ಡಿಜೆಗೆ ಅಷ್ಟು ಜಾಗ ಬೇಕು. ತಟ್ಟೆಯ ವೇಗವನ್ನು ಒಂದು ಸಣ್ಣ ಗುಂಡಿ ಜಾರಿಸಿ ಹೆಚ್ಚು ಕಡಿಮೆ ಮಾಡುತ್ತ, ಒಂದು ಕಿವಿಯಲ್ಲಿ ಹೆಡ್‌ಫೋನು, ಇನ್ನೊಂದು ಕಿವಿಯಲ್ಲಿ ಕೋಣೆ. ಕೂಡಿದಾಗ ಎರಡು ಹಾಡು ಒಂದಾಗುತ್ತವೆ. ಕುಣಿಯುವವರ ಕಾಲಿಗೆ ಸುಳಿವೇ ಸಿಗುವುದಿಲ್ಲ.

ಬಾರ್ಬರಾ ಟಕರ್ ಅವರ ದನಿಯ ಒಂದು ಚೂರಿನಿಂದಲೇ ಲೂಯಿ 1993ರಲ್ಲಿ ‘ಡೀಪ್ ಇನ್‌ಸೈಡ್’ ಕಟ್ಟಿದರು. ವಿಚಿತ್ರವೆಂದರೆ ಆ ಚೂರು ಯಾವ ಹಾಡಿನದೋ ಆ ‘ಬ್ಯೂಟಿಫುಲ್ ಪೀಪಲ್’ ಬಂದದ್ದು ಮರುವರ್ಷ. ಮಗು ತಾಯಿಗಿಂತ ಮೊದಲೇ ಊರು ಸುತ್ತಿಬಂತು. 2016ರಲ್ಲಿ ಕಾನ್ಯೆ ವೆಸ್ಟ್ ತಮ್ಮ ‘ಫೇಡ್’ ಹಾಡಿನಲ್ಲಿ ಅದೇ ಚೂರನ್ನು ಬಳಸಿದರು.

ಇಲ್ಲಿಯವರೆಗೆ ಹೇಳಿದ್ದು ಹೆಸರು ಗಳಿಸಿದ ಕಥೆ. ಇವರನ್ನು ನಾನು ಯಾಕೆ ಇಷ್ಟು ಪ್ರೀತಿಯಿಂದ ಕೇಳುತ್ತೇನೆ ಎಂಬುದಕ್ಕೆ ಕಾರಣ ಇದರ ಮುಂದಿನದು.

ಸ್ಯಾಂಪ್ಲರ್ ಬಂದ ಮೇಲೆ ಹಳೇ ವಾದ್ಯಗಾರರ ಕೆಲಸ ಹೋಯಿತು ಎಂಬ ದೂರು ಇತ್ತು, ಅದರಲ್ಲಿ ಸತ್ಯವೂ ಇತ್ತು. ಒಂದು ಪೆಟ್ಟಿಗೆಯಲ್ಲಿ ಇಡೀ ವಾದ್ಯವೃಂದದ ಸದ್ದು ಸಿಗುವಾಗ ಇಪ್ಪತ್ತು ಜನರಿಗೆ ಸಂಬಳ ಯಾರು ಕೊಡುತ್ತಾರೆ? ಈ ಇಬ್ಬರ ಕೈಯಲ್ಲಿ ಕೆಲಸ ತುಂಬಿದ್ದ ಕಾಲ. ಇದ್ದ ದಾರಿಯಲ್ಲೇ ಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಅವರು ಯಾರ ರೆಕಾರ್ಡುಗಳಿಂದ ಚೂರು ಕದ್ದು ಕಲಿತಿದ್ದರೋ ಅವರನ್ನೇ ಹುಡುಕಿಕೊಂಡು ಹೋಗಿ ಸ್ಟುಡಿಯೊಗೆ ಕರೆದರು. ಆ ಯೋಜನೆಗೆ ಇಟ್ಟ ಹೆಸರು ‘ನ್ಯೂಯೊರಿಕನ್ ಸೋಲ್’. ನ್ಯೂಯಾರ್ಕ್ ಮತ್ತು ಪೋರ್ಟೊ ರಿಕನ್ ಸೇರಿ ಆದ ಪದ ಅದು, ಅಲ್ಲಿ ಹುಟ್ಟಿ ಬೆಳೆದ ವಲಸಿಗರ ಮಕ್ಕಳು ತಮ್ಮನ್ನು ಕರೆದುಕೊಳ್ಳುವ ಹೆಸರು. 1993ರಲ್ಲಿ ‘ದ ನರ್ವಸ್ ಟ್ರ್ಯಾಕ್’ ಬಂತು. ಅದರಲ್ಲಿ ಸಮನಾದ ನಾಲ್ಕು ಪೆಟ್ಟು ಇಲ್ಲ. ಡ್ರಮ್ಮು ಮುರಿದು, ಜಾರಿ, ಮತ್ತೆ ಹಿಡಿದುಕೊಳ್ಳುತ್ತದೆ. ಹೌಸ್ ಡಿಜೆಗಳು ಹೌಸಿನ ಮೂಲ ಕಟ್ಟನ್ನೇ ಬಿಚ್ಚಿದ್ದರು. ಲಂಡನ್ನಿನ ಒಂದು ತಲೆಮಾರಿನ ಸಂಗೀತಗಾರರಿಗೆ ಅದು ದಾರಿ ತೋರಿಸಿತು.

1997ರಲ್ಲಿ ಪೂರ್ತಿ ಆಲ್ಬಮ್ ಬಂತು, ಜೈಲ್ಸ್ ಪೀಟರ್ಸನ್ ಅವರ ‘ಟಾಕಿನ್ ಲೌಡ್’ ಲೇಬಲ್ಲಿನಿಂದ. ಒಳಗಿರುವವರನ್ನು ನೋಡಿ: ಗಿಟಾರಿನಲ್ಲಿ ಜಾರ್ಜ್ ಬೆನ್ಸನ್, ವೈಬ್ರಾಫೋನಿನಲ್ಲಿ ರಾಯ್ ಏಯರ್ಸ್, ಪಿಯಾನೊದಲ್ಲಿ ಎಡ್ಡಿ ಪಾಲ್ಮಿಯೆರಿ, ತಾಳದಲ್ಲಿ ಟೀಟೊ ಪುವೆಂಟೆ, ಹಾಡಿಗೆ ಜೋಸಲಿನ್ ಬ್ರೌನ್ ಮತ್ತು ಇಂಡಿಯಾ. (ಇಂಡಿಯಾ ಎಂಬುದು ಗಾಯಕಿಯ ಹೆಸರು, ನಮ್ಮ ದೇಶಕ್ಕೆ ಸಂಬಂಧವಿಲ್ಲ. ಒಂದು ಕಾಲಕ್ಕೆ ಲೂಯಿಯ ಪತ್ನಿಯಾಗಿದ್ದವರು, 1992ರಲ್ಲಿ ಪಾಲ್ಮಿಯೆರಿಯವರ ಜೊತೆ ಹಾಡಿ ಸಾಲ್ಸಾ ತಾರೆಯಾದವರು.) ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ: ವಿನ್ಸೆಂಟ್ ಮೊಂಟಾನ. 1970ರ ದಶಕದಲ್ಲಿ ‘ಸಾಲ್ಸೋಲ್ ಆರ್ಕೆಸ್ಟ್ರಾ’ ಕಟ್ಟಿ, ಡಿಸ್ಕೊಗೆ ಪಿಟೀಲು ತುತ್ತೂರಿಗಳ ಮೆರುಗು ಕೊಟ್ಟ ಹಿರಿಯರು. ಆ ಆರ್ಕೆಸ್ಟ್ರಾದ 1977ರ ‘ರನ್‌ಅವೇ’ ಹಾಡನ್ನು ಈ ಆಲ್ಬಮ್ಮಿಗಾಗಿ ಇಂಡಿಯಾ ಹೊಸದಾಗಿ ಹಾಡಿದರು, ಮೊಂಟಾನ ಕೂಡ ಆಲ್ಬಮ್ಮಿನಲ್ಲಿ ಇದ್ದಾರೆ. ಡಿಸ್ಕೊ ಸತ್ತಿತೆಂದು ಜನ ಹೇಳಿ ಹದಿನೇಳು–ಹದಿನೆಂಟು ವರ್ಷವಾಗಿತ್ತು. ಆ ಮನುಷ್ಯನನ್ನು ಮತ್ತೆ ಮೈಕಿನ ಮುಂದೆ ಕೂರಿಸಿದವರು, ಅವರ ರೆಕಾರ್ಡುಗಳನ್ನು ಹಾಕುತ್ತ ಬೆಳೆದ ಇಬ್ಬರು ಡಿಜೆಗಳು.

ಇದನ್ನು ನಾನು ಸಾಲ ತೀರಿಸಿದ್ದು ಎಂದು ಕರೆಯುತ್ತೇನೆ. ಹೆಸರು ಕೊಟ್ಟು ಮಷೀನು ತಂದ ಹುಡುಗ, ಸೋದರಮಾವನ ತಾಳ ಕೇಳಿ ಬೆಳೆದ ಹುಡುಗ, ಇಬ್ಬರಿಗೂ ತಾವು ಪಡೆದದ್ದು ಯಾರಿಂದ ಎಂದು ಗೊತ್ತಿತ್ತು. 1999ರಲ್ಲಿ, ನೈಜೀರಿಯದ ಫೆಲಾ ಕುಟಿ ತೀರಿಕೊಂಡ ಎರಡು ವರ್ಷಕ್ಕೆ, ಅವರ 1975ರ ಹಾಡೊಂದನ್ನು ವುನ್ಮಿ ಎಂಬ ಗಾಯಕಿಯಿಂದ ಹಾಡಿಸಿ ಗೌರವ ಸಲ್ಲಿಸಿದರು. ಅದೂ ಸಾಲ ತೀರಿಸಿದ್ದೇ.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. 2000ದ ನಂತರ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಕೆನಿ ಹಳೇ ಫಂಕ್ ರೆಕಾರ್ಡುಗಳನ್ನು ಸಣ್ಣ 45ರ ತಟ್ಟೆಗಳಾಗಿ ಮತ್ತೆ ತರುವ ‘ಕೇ-ಡೀ’ ಲೇಬಲ್ ನಡೆಸಿದರು. ಲೂಯಿ ‘ಎಲಿಮೆಂಟ್ಸ್ ಆಫ್ ಲೈಫ್’ ಎಂಬ ವಾದ್ಯತಂಡ ಕಟ್ಟಿದರು. ಕರ್ಟಿಸ್ ಮೇಫೀಲ್ಡ್ ಅವರ ‘ಸೂಪರ್‌ಫ್ಲೈ’ ಹಾಡಿನ ರೀಮಿಕ್ಸಿಗೆ 2006ರಲ್ಲಿ ಲೂಯಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಜೋಡಿ ಒಡೆಯಲಿಲ್ಲ. ಒಟ್ಟಿಗೆ ನಿಂತು ರೆಕಾರ್ಡು ಹಾಕುವುದು ನಡೆದೇ ಇತ್ತು, 2021ರಲ್ಲಿ ‘ಮ್ಯಾಟ್ಟೆಲ್’ ಎಂಬ ಹೊಸ ಟ್ರ್ಯಾಕನ್ನೂ ತಂದರು.

ಹಾಡುವುದಿಲ್ಲ, ನುಡಿಸುವುದಿಲ್ಲ ಎಂದಿರಿ. ನುಡಿಸುವವರಲ್ಲಿ ಯಾರು, ಯಾವಾಗ, ಎಷ್ಟು ನುಡಿಸಬೇಕು ಎಂದು ಕಿವಿಯಿಂದ ತೀರ್ಮಾನಿಸುವುದೂ ಸಂಗೀತದ ಕೆಲಸವೇ ಎಂದು ನಾನು ನಂಬಿದ್ದೇನೆ. ಆದರೆ ನನ್ನ ಮಾತು ನಂಬಬೇಕಿಲ್ಲ, ಕೇಳಿ ನೋಡಿ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡಿ. ಕೆಳಗಿನ ಡ್ರಮ್ಮು, ಬಾಸು ಅದರಲ್ಲಿ ಬರುವುದೇ ಇಲ್ಲ. ಸಾಧಾರಣ ಹೆಡ್‌ಫೋನ್ ಸಾಕು. ಮೊದಲು ‘ದ ಹಾ ಡಾನ್ಸ್’ ಹಾಕಿಕೊಂಡು ನಾಲ್ಕನೇ ಪೆಟ್ಟು ಎಣಿಸಿ. ಆಮೇಲೆ ‘ದ ನರ್ವಸ್ ಟ್ರ್ಯಾಕ್’ ಹಾಕಿ, ಎಣಿಕೆ ಎಲ್ಲಿ ತಪ್ಪುತ್ತದೆ ನೋಡಿ. ಬಳಿಕ ‘ಐ ಆ್ಯಮ್ ದ ಬ್ಲ್ಯಾಕ್ ಗೋಲ್ಡ್ ಆಫ್ ದ ಸನ್’, ಜೋಸಲಿನ್ ಬ್ರೌನ್ ಹಾಡಿರುವುದು. ಅದರ ಮೂಲ ರೋಟರಿ ಕನೆಕ್ಷನ್ ತಂಡದ 1971ರ ಹಾಡು, ಅದನ್ನೂ ಜೊತೆಗೆ ಕೇಳಿ.

ಕೊನೆಗೆ ‘ರಿವರ್ ಓಶನ್’ ಹೆಸರಿನಲ್ಲಿ 1994ರಲ್ಲಿ ಬಂದ ‘ಲವ್ ಆ್ಯಂಡ್ ಹ್ಯಾಪಿನೆಸ್’ ಇಟ್ಟುಕೊಳ್ಳಿ. ಅದರ ಇನ್ನೊಂದು ಹೆಸರು ‘ಯೆಮಾಯಾ ಇ ಒಚೂನ್’. ಗುಲಾಮರಾಗಿ ಹಡಗು ಹತ್ತಿದ ಆಫ್ರಿಕದ ಯೊರುಬಾ ಜನ ಕ್ಯೂಬಾಕ್ಕೆ ತಮ್ಮೊಡನೆ ತಂದ ದೇವತೆಗಳು ಇವರು; ಯೆಮಾಯಾ ಕಡಲಿನವಳು, ಒಚೂನ್ ಹೊಳೆಯವಳು. ಇಂಡಿಯಾ ಆ ಇಬ್ಬರನ್ನೂ ಕರೆದು ಹಾಡುತ್ತಾರೆ. ದನಿಯ ಹಿಂದೆ ಲೋಹದ ಅಂಚಿನ ಜೋಡಿ ಡ್ರಮ್ಮು, ಟಿಂಬಾಲೆಸ್, ಚಟಚಟನೆ ಸಿಡಿಯುತ್ತದೆ. ಅದು ಮಷೀನಿನದಲ್ಲ. ನುಡಿಸಿದವರು ಟೀಟೊ ಪುವೆಂಟೆ, ಆಗ ಅವರ ವಯಸ್ಸು 70ರ ಆಸುಪಾಸು.